ಎದೆಯುರಿಯ ಸಾಕ್ಷ್ಯವಿಚಾರ: ಅಂತರ್ದರ್ಶಕ ಮತ್ತು ಪಿಎಚ್ ಮಾಪನಗಳ ಇತಿಹಾಸ ಹಾಗೂ ಉಪಯೋಗ

೧. ವಿಷಯಪ್ರವೇಶ

ಎದೆಯುರಿ, ಹುಳಿತೇಗುಗಳು ನಮ್ಮ ಕೊಪ್ಪಳ ಪ್ರಾಂತದ ಜನರಿಗೆ ಅಪರಿಚಿತವಾದ ಬಾಧೆಗಳಲ್ಲ. ಕಿನ್ನಾಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಯಾವ ಓಣಿಯಲ್ಲಿ ವಿಚಾರಿಸಿದರೂ ಊಟವಾದ ಮೇಲೆ ಎದೆಯಲ್ಲಿ ಉರಿ ಏಳುತ್ತದೆಂದೂ, ರಾತ್ರಿ ಮಲಗಿದಾಗ ಹುಳಿನೀರು ಗಂಟಲಿಗೆ ಬರುತ್ತದೆಂದೂ ಹೇಳುವವರು ಸಿಕ್ಕುತ್ತಾರೆ. ಇದನ್ನು ಕೆಲವರು ಪಿತ್ತವೆನ್ನುವರು. ಕೆಲವರು ಗ್ಯಾಸ್ ಎನ್ನುವರು. ಔಷಧದಂಗಡಿಯ ಗುಳಿಗೆಯಿಂದ ಹಲವರಿಗೆ ಉಪಶಮನವೂ ದೊರೆಯುತ್ತದೆ. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆಯು ೨೦೧೧ರಲ್ಲಿ ಪ್ರಕಟಿಸಿದ ವರದಿಯಂತೆ, ದೇಶದ ಹಲವು ಕೇಂದ್ರಗಳಲ್ಲಿ ವಿಚಾರಿಸಲಾದ ೩,೨೨೪ ಜನರಲ್ಲಿ ೨೪೫ ಮಂದಿಗೆ, ಎಂದರೆ ನೂರಕ್ಕೆ ೭.೬ರಷ್ಟು ಜನರಿಗೆ, ವಾರಕ್ಕೊಮ್ಮೆಯಾದರೂ ಈ ಬಾಧೆಯಿತ್ತು.

ಬಾಧೆಯು ಸಾಮಾನ್ಯವಾದುದೆಂಬ ಕಾರಣದಿಂದಲೇ ಅದನ್ನು ಕುರಿತ ವಿಚಾರವು ಸಡಿಲವಾಗುವ ಅಪಾಯವಿದೆ. ‘ಎದೆ ಉರಿಯುತ್ತದೆ’ ಎಂಬ ಒಂದೇ ಮಾತಿನ ಹಿಂದೆ ಹಲವು ಸಂಗತಿಗಳು ಅಡಗಿರಬಹುದು. ಅದು ಜಠರದ ಆಮ್ಲವು ಅನ್ನನಾಳಕ್ಕೆ ಮರಳಿ ಹರಿಯುವುದರಿಂದ ಆಗಿರಬಹುದು, ಹೃದಯದ ರಕ್ತನಾಳಗಳ ರೋಗದ ಮುನ್ಸೂಚನೆಯಾಗಿರಬಹುದು, ಅನ್ನನಾಳದ ಅರ್ಬುದವಾಗಿರಬಹುದು, ಅಥವಾ ಆಮ್ಲವು ಏರದಿದ್ದರೂ ನರಗಳ ಅತಿಸೂಕ್ಷ್ಮತೆಯಿಂದ ತೋರುವ ಉರಿಯಾಗಿರಬಹುದು. ಮೊದಲನೆಯದಕ್ಕೆ ಕೊಡುವ ಗುಳಿಗೆಯು ಉಳಿದವುಗಳಿಗೆ ಔಷಧವಲ್ಲ. ವರ್ಷಗಟ್ಟಲೆ ಗುಳಿಗೆ ನುಂಗುತ್ತ ಕಾಲ ಕಳೆದರೆ ಮೂಲರೋಗವು ಮುಂದುವರಿದುಬಿಡುತ್ತದೆ. ಆದುದರಿಂದ ನಿಜಸಂಗತಿಯನ್ನು ಯಾವ ಸಾಕ್ಷ್ಯದಿಂದ ನಿರ್ಣಯಿಸಬೇಕು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಈ ಲೇಖಕನು ವೈದ್ಯನಲ್ಲ, ಇತಿಹಾಸದ ಅಧ್ಯಾಪಕ. ಚಿಕಿತ್ಸೆಯನ್ನು ವಿಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಸಾಕ್ಷ್ಯಗಳ ಸಂಗ್ರಹ, ಪರೀಕ್ಷೆ, ತೌಲನಗಳು ಇತಿಹಾಸಕ್ಕೂ ವೈದ್ಯಕ್ಕೂ ಸಮಾನವಾದ ಕಾರ್ಯಗಳು. ಆ ದೃಷ್ಟಿಯಿಂದ ಅಂತರ್ದರ್ಶಕ ಪರೀಕ್ಷೆ, ಎಂದರೆ ಎಂಡೋಸ್ಕೋಪಿ, ಮತ್ತು ಪಿಎಚ್ ಮಾಪನಗಳೆಂಬ ಎರಡು ಸಾಧನಗಳು ಹೇಗೆ ಬೆಳೆದುಬಂದವು, ಅವು ಯಾವುದನ್ನು ತೋರಿಸಬಲ್ಲವು, ಯಾವುದನ್ನು ತೋರಿಸಲಾರವು ಎಂಬುದನ್ನು ವಿವರಿಸಲು ಇಲ್ಲಿ ಯತ್ನಿಸಲಾಗಿದೆ.

೨. ಅಂಗರಚನೆ

ಅನ್ನನಾಳವು ವಯಸ್ಕರಲ್ಲಿ ಸುಮಾರು ೨೫ ಸೆಂಟಿಮೀಟರ್ ಉದ್ದದ ಸ್ನಾಯುಮಯವಾದ ಕೊಳವೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯೆಂಬ ಸ್ನಾಯುವಿನ ಒಂದು ರಂಧ್ರದ ಮೂಲಕ ಅದು ಕೆಳಗಿಳಿದು ಜಠರವನ್ನು ಕೂಡುತ್ತದೆ. ಬಾಯಿಯ ಮುಂಬಲ್ಲಿನಿಂದ ಅಳೆದರೆ ಈ ಸಂಗಮಸ್ಥಾನವು ಸುಮಾರು ೪೦ ಸೆಂಟಿಮೀಟರ್ ದೂರದಲ್ಲಿರುತ್ತದೆ. ಇಲ್ಲಿ ಎರಡು ಕಾವಲುಗಳಿವೆ. ಒಂದು, ಅನ್ನನಾಳದ ತುದಿಯಲ್ಲಿಯೇ ಇರುವ ಸಂಕೋಚಕ ಸ್ನಾಯು. ಎರಡು, ಹೊರಗಿನಿಂದ ಅದನ್ನು ಸುತ್ತುವರಿದು ಬಿಗಿಹಿಡಿಯುವ ವಪೆಯ ಸ್ನಾಯು. ಇವೆರಡೂ ಒಂದೇ ಸ್ಥಾನದಲ್ಲಿ ಒಂದರ ಮೇಲೊಂದು ಕೂಡಿರುವಾಗ ಜಠರದ ಬಾಗಿಲು ಭದ್ರವಾಗಿರುತ್ತದೆ.

ಜಠರದ ಮೇಲ್ಭಾಗವು ವಪೆಯ ರಂಧ್ರದ ಮೂಲಕ ಎದೆಗೂಡಿಗೆ ಜಾರಿದರೆ ಅದನ್ನು ವಪಾರಂಧ್ರದ ಹರ್ನಿಯಾ ಎನ್ನುತ್ತಾರೆ. ಆಗ ಎರಡು ಕಾವಲುಗಳೂ ಒಂದರಿಂದೊಂದು ಅಗಲುತ್ತವೆ. ಇದರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಲಾಗಿದೆ. ಸಂಗಮಸ್ಥಾನವೇ ಮೇಲಕ್ಕೆ ಜಾರುವುದು ಮೊದಲನೆಯದು. ಹರ್ನಿಯಾಗಳಲ್ಲಿ ಬಹುಪಾಲು ಈ ಬಗೆಯವೇ. ಸಂಗಮಸ್ಥಾನವು ತನ್ನೆಡೆಯಲ್ಲಿಯೇ ಉಳಿದು ಜಠರದ ಒಂದು ಭಾಗ ಪಕ್ಕದಿಂದ ನುಗ್ಗುವುದು ಎರಡನೆಯದು. ಇವೆರಡರ ಮಿಶ್ರಣವು ಮೂರನೆಯದು. ಕರುಳು ಮೊದಲಾದ ಇತರ ಅಂಗಗಳೂ ಜಠರದೊಡನೆ ಮೇಲೇರುವುದು ನಾಲ್ಕನೆಯದು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ಹರ್ನಿಯಾ ಎಂಬುದು ಸ್ಥಾನಪಲ್ಲಟ. ಆಮ್ಲದ ಹಿಮ್ಮುಖ ಹರಿವು ಒಂದು ಕ್ರಿಯೆ. ಹರ್ನಿಯಾ ಇದ್ದೂ ಯಾವ ಬಾಧೆಯೂ ಇಲ್ಲದ ಜನರು ಅನೇಕರಿದ್ದಾರೆ. ಹರ್ನಿಯಾ ಇಲ್ಲದೆಯೂ ಸಂಕೋಚಕ ಸ್ನಾಯುವು ಆಗಾಗ್ಗೆ ತಾತ್ಕಾಲಿಕವಾಗಿ ಸಡಿಲುವುದರಿಂದ ಆಮ್ಲವು ಏರಬಹುದು. ಊಟದ ತರುವಾಯ ಸ್ವಲ್ಪ ಹಿಮ್ಮುಖ ಹರಿವು ಆರೋಗ್ಯವಂತರಲ್ಲಿಯೂ ಸಹಜ. ಅದು ಅನ್ನನಾಳಕ್ಕೆ ಹಾನಿಯನ್ನು ಅಥವಾ ಮನುಷ್ಯನಿಗೆ ಪೀಡೆಯನ್ನು ಉಂಟುಮಾಡಿದಾಗ ಮಾತ್ರ ರೋಗವೆನಿಸುತ್ತದೆ.

೩. ಪ್ರಾಚೀನರ ತಿಳಿವಳಿಕೆ

ನಮ್ಮ ಆಯುರ್ವೇದ ಗ್ರಂಥಗಳಲ್ಲಿ ‘ಅಮ್ಲಪಿತ್ತ’ವೆಂಬ ರೋಗದ ವಿವರಣೆಯುಂಟು. ಮಾಧವನಿದಾನದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಅಜೀರ್ಣ, ಆಯಾಸ, ಓಕರಿಕೆ, ಕಹಿ ಮತ್ತು ಹುಳಿ ತೇಗು, ಎದೆ ಗಂಟಲುಗಳಲ್ಲಿ ಉರಿ, ಅರುಚಿ ಎಂಬ ಲಕ್ಷಣಗಳನ್ನು ಅಲ್ಲಿ ಹೇಳಿದೆ. ಊರ್ಧ್ವಗತಿ, ಅಧೋಗತಿ ಎಂದು ಅದನ್ನು ಎರಡಾಗಿಯೂ ವಿಂಗಡಿಸಿದೆ. ಈ ನಿರೀಕ್ಷಣೆಯ ಸೂಕ್ಷ್ಮತೆ ಮೆಚ್ಚತಕ್ಕದ್ದು. ಆದರೆ ಪ್ರಾಚೀನರ ಅಮ್ಲಪಿತ್ತವೂ ಆಧುನಿಕರ ಹಿಮ್ಮುಖ ಹರಿವಿನ ರೋಗವೂ ಒಂದೇ ಎಂದು ಸಾಧಿಸಹೊರಡುವುದು ಇತಿಹಾಸದ ದೃಷ್ಟಿಯಿಂದ ಸಾಧುವಲ್ಲ. ಪ್ರಾಚೀನರು ಲಕ್ಷಣಸಮೂಹವನ್ನು ಹೆಸರಿಸಿದರು. ಆಧುನಿಕರು ಒಂದು ಕ್ರಿಯೆಯನ್ನು ಹೆಸರಿಸಿದರು. ಎರಡರ ವ್ಯಾಪ್ತಿಯೂ ಬೇರೆ.

ಜಠರದಲ್ಲಿರುವ ಆಮ್ಲವು ಹೈಡ್ರೊಕ್ಲೋರಿಕ್ ಆಮ್ಲವೆಂಬುದನ್ನು ಇಂಗ್ಲೆಂಡಿನ ವಿಲಿಯಂ ಪ್ರೌಟನು ೧೮೨೩-೨೪ರಲ್ಲಿ ತೋರಿಸಿಕೊಟ್ಟನು. ೧೮೨೨ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡೇಟಿನಿಂದ ಹೊಟ್ಟೆಯಲ್ಲಿ ಮುಚ್ಚದ ಗಾಯವಾಯಿತು. ಸೇನಾವೈದ್ಯ ವಿಲಿಯಂ ಬೋಮಾಂಟನು ಆ ರಂಧ್ರದ ಮೂಲಕವೇ ಜಠರದ ಕ್ರಿಯೆಯನ್ನು ವರ್ಷಗಳ ಕಾಲ ಪರೀಕ್ಷಿಸಿ ೧೮೩೩ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಈ ಆಮ್ಲವು ಮೇಲಕ್ಕೆ ಹರಿದು ಅನ್ನನಾಳವನ್ನು ಹುಣ್ಣಾಗಿಸುವುದು ಒಂದು ಪ್ರತ್ಯೇಕ ರೋಗವೆಂಬ ಅಭಿಪ್ರಾಯವು ನೆಲೆಗೊಳ್ಳಲು ಇನ್ನೂ ನೂರು ವರ್ಷ ಬೇಕಾಯಿತು. ಆಶರ್ ವಿಂಕಲ್‌ಸ್ಟೈನನು ೧೯೩೫ರಲ್ಲಿ ಅದನ್ನು ಹೊಸ ರೋಗವೆಂದು ವರ್ಣಿಸಿದನು.

೪. ಹರ್ನಿಯಾದ ವಾದ

ಸ್ವೀಡನ್ನಿನ ಕ್ಷಕಿರಣತಜ್ಞ ಓಕರ್‌ಲುಂಡನು ೧೯೨೬ರಲ್ಲಿ ಈ ಹರ್ನಿಯಾಗಳನ್ನು ವರ್ಗೀಕರಿಸಿದನು. ೧೯೫೧ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಫಿಲಿಪ್ ಆಲಿಸನ್ನನು ಹರ್ನಿಯಾಕ್ಕೂ ಆಮ್ಲದ ಹರಿವಿಗೂ ಕಾರ್ಯಕಾರಣಸಂಬಂಧವನ್ನು ಪ್ರತಿಪಾದಿಸಿದನು. ಸ್ಥಾನ ತಪ್ಪಿದುದನ್ನು ಸ್ಥಾನದಲ್ಲಿರಿಸಿದರೆ ರೋಗ ಹೋಗುವುದೆಂಬುದು ಇದರಿಂದ ಹುಟ್ಟಿದ ನಿರೀಕ್ಷೆ. ಆದರೆ ಇಪ್ಪತ್ತು ವರ್ಷಗಳ ತರುವಾಯ ಆಲಿಸನ್ನನೇ ತನ್ನ ರೋಗಿಗಳನ್ನು ಪುನಃ ಪರಿಶೀಲಿಸಿ, ಹರ್ನಿಯಾ ಮರುಕಳಿಸಿದವರ ಸಂಖ್ಯೆ ದೊಡ್ಡದೆಂದು ೧೯೭೩ರಲ್ಲಿ ಪ್ರಕಟಿಸಿದನು. ತನ್ನ ಮತಕ್ಕೆ ಪ್ರತಿಕೂಲವಾದ ಸಾಕ್ಷ್ಯವನ್ನು ತಾನೇ ಲೋಕದ ಮುಂದಿಟ್ಟ ಈ ಸತ್ಯನಿಷ್ಠೆಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಅಷ್ಟರಲ್ಲಿ ವಿದ್ವಾಂಸರ ಅಭಿಪ್ರಾಯವು ಇನ್ನೊಂದು ತುದಿಗೆ ವಾಲಿತ್ತು. ಸಂಕೋಚಕ ಸ್ನಾಯುವಿನ ಬಲವೇ ಮುಖ್ಯ, ಹರ್ನಿಯಾ ಅಮುಖ್ಯವೆಂದು ೧೯೭೧ರಲ್ಲಿ ಕೋಹೆನ್ ಮತ್ತು ಹ್ಯಾರಿಸ್ ಎಂಬವರು ವಾದಿಸಿದರು. ಮುಂದಿನ ದಶಕಗಳ ಸಂಶೋಧನೆಯು ವಪೆಯೂ ಒಂದು ನಿಜವಾದ ಕಾವಲೆಂಬುದನ್ನು ಸ್ಥಾಪಿಸಿ ಎರಡು ಪಕ್ಷಗಳನ್ನೂ ಸಮನ್ವಯಗೊಳಿಸಿತು. ಇಂದಿನ ನಿಲವು ಇಷ್ಟು: ಹರ್ನಿಯಾ ಹಿಮ್ಮುಖ ಹರಿವಿಗೆ ಅವಕಾಶ ಮಾಡಿಕೊಡುತ್ತದೆ, ಆದರೆ ತಾನೊಂದೇ ಅದನ್ನು ಸಿದ್ಧಪಡಿಸುವುದಿಲ್ಲ.

೫. ಅಂತರ್ದರ್ಶಕದ ಬೆಳವಣಿಗೆ

ಜೀವಂತ ಮನುಷ್ಯನ ಜಠರದೊಳಕ್ಕೆ ನೋಡುವ ಯತ್ನವನ್ನು ೧೮೬೮ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ಅಡಾಲ್ಫ್ ಕುಸ್ಮೌಲನು ಮಾಡಿದನು. ಅವನು ಆರಿಸಿಕೊಂಡ ವ್ಯಕ್ತಿ ಕತ್ತಿ ನುಂಗುವ ಒಬ್ಬ ಜಾತ್ರೆಯ ಪ್ರದರ್ಶಕ. ತಲೆಯನ್ನು ಹಿಂದಕ್ಕೆ ಚಾಚಿ ಗಂಟಲನ್ನೂ ಅನ್ನನಾಳವನ್ನೂ ಒಂದೇ ಸರಳರೇಖೆಗೆ ತರಲು ಅವನಿಗೆ ಅಭ್ಯಾಸವಿತ್ತು. ನೆಟ್ಟಗಿನ ಲೋಹದ ಕೊಳವೆ ಒಳಗೆ ಹೋಯಿತು. ಆದರೆ ದೀಪದ ಬೆಳಕು ಸಾಲಲಿಲ್ಲ. ೧೮೮೧ರಲ್ಲಿ ವಿಯೆನ್ನಾದ ಮಿಕುಲಿಚ್ ಎಂಬ ಶಸ್ತ್ರವೈದ್ಯನು ವಿದ್ಯುದ್ದೀಪವನ್ನುಳ್ಳ ಉಪಕರಣವನ್ನು ಬಳಸಿದನು. ೧೯೩೨ರಲ್ಲಿ ರುಡಾಲ್ಫ್ ಷಿಂಡ್ಲರನು ಸ್ವಲ್ಪಮಟ್ಟಿಗೆ ಬಾಗಬಲ್ಲ ಉಪಕರಣವನ್ನು ಬಳಕೆಗೆ ತಂದನು. ಇಷ್ಟಾದರೂ ಪರೀಕ್ಷೆಯು ರೋಗಿಗೆ ಕ್ಲೇಶಕರವಾಗಿಯೂ ಅಪಾಯಕರವಾಗಿಯೂ ಉಳಿದಿತ್ತು.

ಬೆಳಕನ್ನು ಬಾಗಿಸಿ ಒಯ್ಯುವ ವಿದ್ಯೆಯು ಈ ಕಷ್ಟವನ್ನು ನೀಗಿತು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ನಡೆಸಿದ ಸಂಶೋಧನೆಯನ್ನು ೧೯೫೪ರಲ್ಲಿ ಪ್ರಕಟಿಸಿದರು. ಕೂದಲಿನಂತೆ ಸಣ್ಣಗಿರುವ ಗಾಜಿನ ಎಳೆಗಳ ಕಟ್ಟಿನ ಮೂಲಕ, ಕಟ್ಟು ಬಾಗಿದರೂ, ಚಿತ್ರವು ಸಾಗಬಲ್ಲುದೆಂಬುದು ಅದರ ಸಾರ. ಇದನ್ನು ಓದಿದ ಬೇಸಿಲ್ ಹಿರ್ಷೊವಿಟ್ಸ್ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ಸ್ ಮತ್ತು ಕರ್ಟಿಸ್ ಎಂಬವರ ನೆರವಿನಿಂದ ಸಂಪೂರ್ಣವಾಗಿ ಬಾಗುವ ಅಂತರ್ದರ್ಶಕವನ್ನು ಸಿದ್ಧಪಡಿಸಿ, ೧೯೫೭ರ ಫೆಬ್ರವರಿಯಲ್ಲಿ ಅದನ್ನು ಮೊದಲು ತಮ್ಮ ಗಂಟಲಿನಲ್ಲಿಯೇ ಇಳಿಸಿಕೊಂಡರು. ೧೯೮೩ರಲ್ಲಿ ಎಳೆಗಳ ಕಟ್ಟಿಗೆ ಬದಲಾಗಿ ತುದಿಯಲ್ಲಿಯೇ ವಿದ್ಯುನ್ಮಾನ ಕ್ಯಾಮೆರಾ ಇರುವ ಉಪಕರಣ ಬಂದಿತು. ಈಗ ನಾವು ಆಸ್ಪತ್ರೆಗಳಲ್ಲಿ ಕಾಣುವುದು ಇದರ ಸಂತತಿಯನ್ನೇ.

ನಮ್ಮ ನಾಡಿನ ಇತಿಹಾಸದೊಡನೆ ಈ ಕಾಲಗಣನೆಯನ್ನು ಹೋಲಿಸಬಹುದು. ಕೊಪ್ಪಳ ಪ್ರದೇಶವು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಹಿರ್ಷೊವಿಟ್ಸರ ಪ್ರಯೋಗ ನಡೆದ ೧೯೫೭ರಲ್ಲಿಯೇ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು; ಬಳ್ಳಾರಿಯಲ್ಲಿ ೧೯೬೧ರಲ್ಲಿ. ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕೊಪ್ಪಳಕ್ಕೆ ತನ್ನದೇ ಆದ ವೈದ್ಯಕೀಯ ವಿಜ್ಞಾನ ಸಂಸ್ಥೆಯು ದೊರೆತದ್ದು ೨೦೧೫ರಲ್ಲಿ. ಆದುದರಿಂದ ಕಿನ್ನಾಳದ ಹಿರಿಯರು ದೊಡ್ಡ ಆಸ್ಪತ್ರೆಯೆಂದರೆ ಇಂದಿಗೂ ಹುಬ್ಬಳ್ಳಿ, ಬಳ್ಳಾರಿಗಳನ್ನು ನೆನೆಯುವುದು ಸ್ವಾಭಾವಿಕವಾಗಿದೆ.

೬. ಅಂತರ್ದರ್ಶಕವು ತೋರಿಸುವುದೇನು?

ರೋಗಿಯು ಬರಿಹೊಟ್ಟೆಯಲ್ಲಿ ಬಂದು ಎಡಮಗ್ಗುಲಾಗಿ ಮಲಗುತ್ತಾನೆ. ಗಂಟಲಿಗೆ ಮರವಿನ ಔಷಧವನ್ನು ಸಿಂಪಡಿಸಿ, ಅಗತ್ಯವಿದ್ದರೆ ಮಂಪರು ಬರಿಸಿ, ಕೊಳವೆಯನ್ನು ಇಳಿಸುತ್ತಾರೆ. ಪರೀಕ್ಷೆಯು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ವೈದ್ಯನು ಮೂರು ಗುರುತುಗಳನ್ನು ಮುಖ್ಯವಾಗಿ ನೋಡುತ್ತಾನೆ: ಅನ್ನನಾಳದ ಮಾಸಲು ಲೋಳೆಪೊರೆಯು ಜಠರದ ಕೆಂಪುಪೊರೆಯನ್ನು ಕೂಡುವ ಗೆರೆ, ಜಠರದ ಮಡಿಕೆಗಳ ಮೇಲ್ತುದಿ, ಮತ್ತು ವಪೆಯು ಹೊರಗಿನಿಂದ ಒತ್ತಿದ ಗುರುತು. ಮಡಿಕೆಗಳ ತುದಿಯು ವಪೆಯ ಗುರುತಿಗಿಂತ ಸುಮಾರು ೨ ಸೆಂಟಿಮೀಟರಿಗೂ ಹೆಚ್ಚು ಮೇಲಿದ್ದರೆ ಅದನ್ನು ಜಾರುವ ಹರ್ನಿಯಾವೆಂದು ಎಣಿಸುತ್ತಾರೆ. ಜಠರದೊಳಗೆ ಕೊಳವೆಯ ತುದಿಯನ್ನು ಹಿಂದಕ್ಕೆ ತಿರುಗಿಸಿ ಬಾಗಿಲನ್ನು ಕೆಳಗಿನಿಂದಲೂ ನೋಡುತ್ತಾರೆ.

ಈ ಅಳತೆಯಲ್ಲಿ ಒಂದು ತೊಡಕುಂಟು. ಜಾರುವ ಹರ್ನಿಯಾ ಸ್ಥಿರವಲ್ಲ. ಉಸಿರಾಟ, ತೇಗು, ಒಳಗೆ ತುಂಬುವ ಗಾಳಿ ಇವುಗಳಿಂದ ಗುರುತುಗಳು ಸರಿಯುತ್ತವೆ. ಚಿಕ್ಕ ಹರ್ನಿಯಾ ಒಮ್ಮೆ ಕಂಡು ಇನ್ನೊಮ್ಮೆ ಕಾಣದೆ ಹೋಗಬಹುದು. ಬೇರಿಯಂ ದ್ರಾವಣವನ್ನು ಕುಡಿಸಿ ತೆಗೆಯುವ ಕ್ಷಕಿರಣ ಚಿತ್ರ ಮತ್ತು ಅನ್ನನಾಳದ ಒತ್ತಡಮಾಪನಗಳು ಆಗ ಪೂರಕವಾಗುತ್ತವೆ. ದೊಡ್ಡ ಹರ್ನಿಯಾದ ಆಕಾರವನ್ನು ತಿಳಿಯಲು ಬೇರಿಯಂ ಚಿತ್ರವು ಇಂದಿಗೂ ಉಪಯುಕ್ತ.

ಆಮ್ಲವು ಮಾಡಿದ ಗಾಯಗಳನ್ನು ೧೯೯೪ರಲ್ಲಿ ರೂಪುಗೊಂಡ ಲಾಸ್ ಏಂಜಲೀಸ್ ಕ್ರಮದಂತೆ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಗಾಯದ ಉದ್ದ ೫ ಮಿಲಿಮೀಟರ್ ಮೀರದಿದ್ದರೆ ಎ, ಮೀರಿದರೆ ಬಿ, ಮಡಿಕೆಯಿಂದ ಮಡಿಕೆಗೆ ಹಬ್ಬಿ, ಸುತ್ತಳತೆಯ ನಾಲ್ಕನೆಯ ಮೂರು ಭಾಗಕ್ಕಿಂತ ಕಡಿಮೆಯಿದ್ದರೆ ಸಿ, ಅಷ್ಟನ್ನು ಮುಟ್ಟಿದರೆ ಅಥವಾ ಮೀರಿದರೆ ಡಿ. ಲಿಯಾನ್ ಒಮ್ಮತವೆಂದು ಪ್ರಸಿದ್ಧವಾದ ತಜ್ಞರ ನಿರ್ಣಯದ ೨೦೨೪ರ ಪರಿಷ್ಕರಣದಂತೆ, ಬಿ, ಸಿ, ಡಿ ದರ್ಜೆಗಳು, ಆಮ್ಲದಿಂದಾದ ಸಂಕೋಚ, ಹಾಗೂ ಅಂಗಾಂಶ ಪರೀಕ್ಷೆಯಿಂದ ದೃಢಪಟ್ಟ ಬ್ಯಾರೆಟ್ ಪರಿವರ್ತನೆ ಇವು ರೋಗಕ್ಕೆ ನಿರ್ಣಾಯಕ ಸಾಕ್ಷ್ಯಗಳು. ಎ ದರ್ಜೆಯ ಸಣ್ಣ ಗಾಯವು ಆರೋಗ್ಯವಂತರಲ್ಲಿಯೂ ಕಾಣಬಹುದಾದುದರಿಂದ ಅದೊಂದೇ ಸಾಲದು.

ಇದಕ್ಕಿಂತಲೂ ಗಮನಾರ್ಹವಾದುದೆಂದರೆ, ಎದೆಯುರಿಯುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಅನ್ನನಾಳದಲ್ಲಿ ಯಾವ ಗಾಯವೂ ಕಾಣುವುದಿಲ್ಲ. ಆಮ್ಲವನ್ನಡಗಿಸುವ ಗುಳಿಗೆಯನ್ನು ಸೇವಿಸುತ್ತಲೇ ಪರೀಕ್ಷೆಗೆ ಬಂದರೆ ಗಾಯವು ಮಾದು ಸಾಕ್ಷ್ಯವೇ ಅಳಿಸಿಹೋಗಿರುತ್ತದೆ. ಹೀಗಾಗಿ ವೈದ್ಯರು ಸಾಧ್ಯವಿದ್ದವರಿಗೆ ಎರಡರಿಂದ ನಾಲ್ಕು ವಾರ ಗುಳಿಗೆ ನಿಲ್ಲಿಸಿ ಬರಲು ಹೇಳುವುದುಂಟು. ಒಂದು ಊರಿನಲ್ಲಿ ಶಾಸನ ಸಿಕ್ಕದ ಮಾತ್ರಕ್ಕೆ ಆ ಊರಿಗೆ ರಾಜನ ಆಳ್ವಿಕೆಯೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕಶಾಸನಗಳು ಬೆಳಕಿಗೆ ಬಂದದ್ದು ೧೯೩೧ರಲ್ಲಿ. ಅವು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಅಲ್ಲಿಯೇ ಇದ್ದುವು. ಗಾಯ ಕಾಣದ ಎದೆಯುರಿಯ ವಿಷಯದಲ್ಲಿಯೂ ಬೇರೆ ಜಾತಿಯ ಸಾಕ್ಷ್ಯವನ್ನು ಅರಸಬೇಕಾಗುತ್ತದೆ.

೭. ಪಿಎಚ್ ಮಾಪನ

ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ೧೯೦೯ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ರೂಪಿಸಿದನು. ೭ ತಟಸ್ಥ, ಅಂಕ ಇಳಿದಂತೆ ಆಮ್ಲತೆ ಏರುತ್ತದೆ. ಒಂದು ಅಂಕದ ಇಳಿತವೆಂದರೆ ಹತ್ತುಪಟ್ಟು ಏರಿಕೆ. ೭ರಿಂದ ೪ಕ್ಕೆ ಇಳಿದರೆ ಸಾವಿರ ಪಟ್ಟು. ನಿಂಬೆರಸದ ಪಿಎಚ್ ೨ರಿಂದ ೩ರವರೆಗೆ ಇರುತ್ತದೆ. ಬರಿಹೊಟ್ಟೆಯ ಜಠರರಸದ್ದು ೧ರಿಂದ ೨ರ ಆಸುಪಾಸಿನಲ್ಲಿ. ೧೯೩೪ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ವಿದ್ಯುನ್ಮಾನದ ಪಿಎಚ್ ಮಾಪಕವನ್ನು ನಿರ್ಮಿಸಿದ್ದು ನಿಂಬೆರಸದ ಆಮ್ಲತೆಯನ್ನು ಅಳೆಯಲೆಂದೇ.

ಅನ್ನನಾಳದಲ್ಲಿ ದೀರ್ಘಕಾಲ ಪಿಎಚ್ ದಾಖಲಿಸುವ ಕ್ರಮವನ್ನು ೧೯೬೯ರಲ್ಲಿ ಸ್ಪೆನ್ಸರ್ ವರದಿ ಮಾಡಿದನು. ೧೯೭೪ರಲ್ಲಿ ಜಾನ್‌ಸನ್ ಮತ್ತು ಡಿಮೀಸ್ಟರ್ ಎಂಬವರು ೨೪ ಗಂಟೆಗಳ ದಾಖಲೆಯಿಂದ ಸಹಜಕ್ಕೂ ಅಸಹಜಕ್ಕೂ ಮೇರೆಯನ್ನು ಗೊತ್ತುಪಡಿಸಿದರು. ಮೂಗಿನ ಮೂಲಕ ಇಳಿಸಿದ ತೆಳುವಾದ ತಂತಿಯ ಸಂವೇದಕವನ್ನು ಸಂಕೋಚಕ ಸ್ನಾಯುವಿಗಿಂತ ೫ ಸೆಂಟಿಮೀಟರ್ ಮೇಲೆ ನಿಲ್ಲಿಸುತ್ತಾರೆ. ಅದು ಕೆಲವು ಸೆಕೆಂಡುಗಳಿಗೊಮ್ಮೆ ಅಳೆದು ಸೊಂಟದ ಪೆಟ್ಟಿಗೆಯಲ್ಲಿ ದಾಖಲಿಸುತ್ತದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ತಂತಿಯಿಲ್ಲದ ಗುಳಿಗೆಯಂತಹ ಉಪಕರಣವೂ ಬಂದಿದೆ. ಅದನ್ನು ಅಂತರ್ದರ್ಶಕ ಪರೀಕ್ಷೆಯ ಸಮಯದಲ್ಲಿ ಅನ್ನನಾಳದ ಗೋಡೆಗೆ ಅಂಟಿಸುತ್ತಾರೆ. ೪೮ರಿಂದ ೯೬ ಗಂಟೆಗಳವರೆಗೆ ಅಳೆದು, ಕೆಲವು ದಿನಗಳಲ್ಲಿ ತಾನೇ ಕಳಚಿ ಮಲದೊಡನೆ ಹೊರಬೀಳುತ್ತದೆ.

ಪಿಎಚ್ ೪ಕ್ಕಿಂತ ಕೆಳಗಿರುವ ಒಟ್ಟು ಕಾಲವನ್ನು ಮುಖ್ಯವಾಗಿ ಗಣಿಸುತ್ತಾರೆ. ಮೇಲ್ಕಂಡ ಲಿಯಾನ್ ನಿರ್ಣಯದಂತೆ ಅದು ದಿನದ ನೂರಕ್ಕೆ ೪ಕ್ಕಿಂತ ಕಡಿಮೆ, ಎಂದರೆ ಸುಮಾರು ೫೮ ನಿಮಿಷಗಳೊಳಗಿದ್ದರೆ, ಸಹಜ; ನೂರಕ್ಕೆ ೬ನ್ನು, ಎಂದರೆ ಸುಮಾರು ೧ ಗಂಟೆ ೨೬ ನಿಮಿಷಗಳನ್ನು, ಮೀರಿದರೆ ಅಸಹಜ; ನಡುವಿನದು ಸಂದಿಗ್ಧ. ಸಂದಿಗ್ಧವಾದಾಗ ಇತರ ಸಾಕ್ಷ್ಯಗಳನ್ನು ಕೂಡಿಸಿ ನೋಡಬೇಕು. ಆಮ್ಲವಲ್ಲದ ದ್ರವವೂ ಮೇಲೇರುವುದುಂಟು. ವಿದ್ಯುತ್ ಪ್ರತಿರೋಧವನ್ನು ಅಳೆಯುವ ಸಂವೇದಕಗಳು ಅದನ್ನೂ ಗುರುತಿಸುತ್ತವೆ.

ಯಂತ್ರದ ದಾಖಲೆಯಷ್ಟೇ ಮುಖ್ಯವಾದುದು ರೋಗಿಯ ದಿನಚರಿ. ಉರಿ ಎದ್ದಾಗ ಅವನು ಪೆಟ್ಟಿಗೆಯ ಗುಂಡಿಯನ್ನೊತ್ತಬೇಕು. ಊಟ, ನಿದ್ರೆಗಳ ವೇಳೆಯನ್ನು ಬರೆಯಬೇಕು. ಅಕ್ಷರ ಬಾರದವರ ಪರವಾಗಿ ಮನೆಯವರು ಬರೆಯಬಹುದು. ಅನೇಕರು ಮೂಗಿನ ತಂತಿಯ ಸಂಕೋಚದಿಂದ ಅಂದು ಗಂಜಿ ಕುಡಿದು ಮನೆಯಲ್ಲಿಯೇ ಮಲಗಿಬಿಡುತ್ತಾರೆ. ಆಗ ದೊರೆಯುವುದು ಅಸಹಜವಾದ ಒಂದು ದಿನದ ಚರಿತ್ರೆ. ಎಂದಿನಂತೆ ಜೋಳದ ರೊಟ್ಟಿ, ಖಾರದ ಚಟ್ನಿ, ಚಹಾ ಸೇವಿಸಿ ಎಂದಿನ ಕೆಲಸವನ್ನೇ ಮಾಡಿದರೆ ದಾಖಲೆಗೆ ಬೆಲೆ. ರೋಗವು ಮೊದಲೇ ದೃಢಪಟ್ಟಿಲ್ಲದವರಲ್ಲಿ ಈ ಪರೀಕ್ಷೆಯನ್ನು ಗುಳಿಗೆ ನಿಲ್ಲಿಸಿ ಒಂದು ವಾರವಾದ ಮೇಲೆ ಮಾಡುತ್ತಾರೆ. ನಿಲ್ಲಿಸುವುದು ವೈದ್ಯರ ಮಾತಿನಂತೆ ಆಗಬೇಕೇ ಹೊರತು ಸ್ವಂತ ನಿರ್ಧಾರದಿಂದಲ್ಲ.

೮. ಸಾಕ್ಷ್ಯಗಳ ತೌಲನ

ಮೇಲಿನ ವಿಚಾರವನ್ನು ಎರಡು ಕಲ್ಪಿತ ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು. ಕಿನ್ನಾಳದಲ್ಲಿ ನೆಲದ ಮೇಲೆ ಕುಳಿತು, ಮುಂದಕ್ಕೆ ಬಾಗಿ, ಮರದ ಗೊಂಬೆಗಳನ್ನು ಕೆತ್ತಿ ಬಣ್ಣ ಹಚ್ಚುವ ಮೂವತ್ತೈದು ವಯಸ್ಸಿನ ಚಿತ್ರಗಾರನೊಬ್ಬನಿದ್ದಾನೆಂದು ಭಾವಿಸೋಣ. ಉಂಡೊಡನೆ ಬಾಗಿ ಕುಳಿತರೆ ಹೊಟ್ಟೆಯ ಒತ್ತಡವೇರಿ ಅವನ ಎದೆ ಉರಿಯುತ್ತದೆ. ಬೇರೆ ಅಪಾಯಸೂಚನೆಗಳಿಲ್ಲದಿದ್ದರೆ ವೈದ್ಯರು ಮೊದಲು ಕೆಲವು ವಾರ ಔಷಧ ಕೊಟ್ಟು, ಊಟಕ್ಕೂ ಕೆಲಸಕ್ಕೂ ನಡುವೆ ಬಿಡುವು, ಮಲಗುವ ಮುನ್ನ ಮೂರು ಗಂಟೆಗಳ ಅಂತರ, ತಲೆಯ ಕಡೆ ಎತ್ತರಿಸಿದ ಮಂಚ ಇವುಗಳನ್ನು ಸೂಚಿಸುವುದು ವಾಡಿಕೆ. ಗುಣವಾಗದಿದ್ದರೆ ಅಂತರ್ದರ್ಶಕ, ಅಲ್ಲಿ ಗಾಯ ಕಾಣದಿದ್ದರೆ ಪಿಎಚ್ ಮಾಪನ. ವರದಿಯಲ್ಲಿ ‘ಚಿಕ್ಕ ಹರ್ನಿಯಾ’ ಎಂಬ ಪದವಿದ್ದ ಮಾತ್ರಕ್ಕೆ ಅವನು ಶಸ್ತ್ರಚಿಕಿತ್ಸೆಗೆಂದು ಸಾಲಮಾಡಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಪ್ರಸ್ತಾಪ ಬಂದರೆ, ನಿರ್ಣಾಯಕವಾದ ಗಾಯ ಕಂಡಿಲ್ಲದಿರುವಲ್ಲಿ, ಹಿಮ್ಮುಖ ಹರಿವು ಪಿಎಚ್ ದಾಖಲೆಯಿಂದ ಸಿದ್ಧವಾಗಿದೆಯೇ ಎಂದು ಕೇಳುವ ಹಕ್ಕು ಅವನಿಗುಂಟು.

ಇನ್ನು ಯಲಬುರ್ಗಾ ಕಡೆಯ ಅರವತ್ತರ ರೈತನೊಬ್ಬನನ್ನು ಭಾವಿಸೋಣ. ಹತ್ತು ವರ್ಷಗಳ ಎದೆಯುರಿ. ತಂಬಾಕು ಅಗಿಯುವ ಅಭ್ಯಾಸ. ಈಚೆಗೆ ರೊಟ್ಟಿಯ ತುತ್ತು ಎದೆಯಲ್ಲಿ ನಿಲ್ಲುತ್ತದೆ, ಮೈಯಿಳಿದಿದೆ. ಇಲ್ಲಿ ಗುಳಿಗೆಯ ಪ್ರಯೋಗಕ್ಕೆ ಎಡೆಯಿಲ್ಲ. ನುಂಗಲು ಕಷ್ಟ, ತೂಕದ ಇಳಿಕೆ, ರಕ್ತವಾಂತಿ, ಕಪ್ಪುಮಲ, ರಕ್ತಹೀನತೆ, ಬಿಡದ ವಾಂತಿ ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಅಂತರ್ದರ್ಶಕ ಪರೀಕ್ಷೆಯಾಗಬೇಕು. ಸಂಶಯದ ಕಡೆ ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸಬೇಕು. ಪಿಎಚ್ ಮಾಪನವು ಇಲ್ಲಿ ಮೊದಲ ಸಾಧನವೇ ಅಲ್ಲ.

ಇವೆರಡಕ್ಕೂ ಮಿಗಿಲಾದ ಎಚ್ಚರಿಕೆ ಇನ್ನೊಂದಿದೆ. ಎದೆಯ ಬಿಗಿತ, ನಡೆದಾಗ ಹೆಚ್ಚುವ ನೋವು, ತೋಳಿಗೋ ದವಡೆಗೋ ಹರಡುವ ನೋವು, ಬೆವರು, ಉಸಿರಿನ ಕಷ್ಟ ಇವು ಕಂಡರೆ ಅದನ್ನು ಪಿತ್ತವೆಂದು ಭಾವಿಸಿ ಸೋಡಾ ಕುಡಿದು ಕುಳಿತುಕೊಳ್ಳಬಾರದು. ಮೊದಲು ಹೃದಯದ ಪರೀಕ್ಷೆ. ಅನ್ನನಾಳದ ವಿಚಾರ ಅನಂತರ.

೯. ಉಪಸಂಹಾರ

ರೋಗಿಯ ಹೇಳಿಕೆ, ಅಂತರ್ದರ್ಶಕದ ನೋಟ, ಪಿಎಚ್ ದಾಖಲೆ ಇವು ಮೂರು ಬೇರೆ ಬೇರೆ ಜಾತಿಯ ಸಾಕ್ಷ್ಯಗಳು. ಹೇಳಿಕೆಯು ಅನುಭವವನ್ನು ತಿಳಿಸುತ್ತದೆ, ಕಾರಣವನ್ನು ತಿಳಿಸುವುದಿಲ್ಲ. ಅಂತರ್ದರ್ಶಕವು ಉಳಿದ ಗುರುತನ್ನು ತೋರಿಸುತ್ತದೆ, ಗುರುತು ಬಿಡದೆ ಹೋದ ಘಟನೆಯನ್ನು ತೋರಿಸುವುದಿಲ್ಲ. ಪಿಎಚ್ ಮಾಪನವು ಘಟನೆಗಳನ್ನು ಎಣಿಸುತ್ತದೆ, ಅರ್ಬುದವನ್ನಾಗಲಿ ಹರ್ನಿಯಾದ ಆಕಾರವನ್ನಾಗಲಿ ಕಾಣಿಸುವುದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನಮ್ಮ ಜಿಲ್ಲೆಯ ಜನರಲ್ಲಿ ಹಲವರಿಗೆ ಒಂದು ದಿನದ ಪರೀಕ್ಷೆಯೆಂದರೆ ಒಂದು ದಿನದ ಕೂಲಿಯೂ ಬಸ್ಸಿನ ವೆಚ್ಚವೂ ಹೌದು. ಹೀಗಿರುವಾಗ ಅನಗತ್ಯವಾದ ಪರೀಕ್ಷೆಯೂ ಅನ್ಯಾಯ, ಅಗತ್ಯವಾದುದನ್ನು ಮುಂದೂಡುವುದೂ ಅನ್ಯಾಯ. ಯಾರಿಗೆ ಯಾವುದು ಅಗತ್ಯವೆಂಬ ವಿವೇಕವು ವೈದ್ಯರಲ್ಲಿ ಇದ್ದರೆ ಮಾತ್ರ ಸಾಲದು. ಪ್ರಶ್ನೆ ಕೇಳಬಲ್ಲಷ್ಟು ತಿಳಿವಳಿಕೆಯು ರೋಗಿಯ ಮನೆಯವರಲ್ಲಿಯೂ ಇರಬೇಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಅಂತಹ ಮನೆಗಳಿಂದಲೇ ಬಂದವರು. ಊರಿಗೆ ಹೋದಾಗ ಹಿರಿಯರ ಔಷಧದ ಚೀಟಿಯನ್ನೂ ಪರೀಕ್ಷಾವರದಿಯನ್ನೂ ಓದಿ ಹೇಳುವ ಕೆಲಸ ಅವರದೇ ಆಗಿರುತ್ತದೆ. ಆ ಓದಿಗೆ ಈ ಲೇಖನವು ಕಿಂಚಿತ್ತಾದರೂ ನೆರವಾದರೆ ಇದರ ಉದ್ದೇಶವು ಸಫಲವಾದಂತೆ.